ಮೊದಲು ನೀರು, ಅನಂತರ ಮೀನು

ಈಚೆಗೆ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಹೊಸ ಹವ್ಯಾಸವು ತಲೆದೋರಿದೆ. ಮನೆಯ ಗ್ಯಾಲರಿಯಲ್ಲಿಯೋ ಕಟ್ಟಡದ ಗಚ್ಚಿಯ ಮೇಲೆಯೋ ಒಂದು ಸಣ್ಣ ಅಲಂಕಾರದ ಕೊಳವನ್ನಿಟ್ಟು, ಅದರಲ್ಲಿ ಹೊಂಬಣ್ಣದ ಮೀನುಗಳನ್ನು ಬಿಟ್ಟು, ಆ ಕೊಳದ ನೀರನ್ನೇ ಪಂಪಿನಿಂದ ಮೇಲಿನ ಜಲ್ಲಿಯ ತೊಟ್ಟಿಗೆ ಹಾಯಿಸಿ, ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಹವ್ಯಾಸವಿದು. ಇದಕ್ಕೆ ಇಂಗ್ಲಿಷಿನಲ್ಲಿ ಅಕ್ವಾಪೋನಿಕ್ಸ್ ಎನ್ನುತ್ತಾರೆ. ಮೀನು ಸಾಕಣೆಗೂ ಮಣ್ಣಿಲ್ಲದ ಬೇಸಾಯಕ್ಕೂ ಅವರಲ್ಲಿರುವ ಎರಡು ಹೆಸರುಗಳನ್ನು ಅರ್ಧರ್ಧ ಕತ್ತರಿಸಿ ಜೋಡಿಸಿದ ಮಾತು ಅದು. ಕನ್ನಡದಲ್ಲಿ ಏನೆನ್ನಬಹುದೆಂದು ಒಂಬತ್ತನೆಯ ಇಯತ್ತೆಯಲ್ಲಿ ಕೇಳಿದಾಗ ಒಬ್ಬನು ‘ಮತ್ಸ್ಯಸಸ್ಯಕೃಷಿ’ ಎಂದನು, ಇನ್ನೊಬ್ಬಳು ‘ಮೀನುನೀರ ಬೇಸಾಯ’ ಎಂದಳು. ನಮಗೆ ಎರಡನೆಯದೇ ಹಿಡಿಸಿತು. ಇಲ್ಲಿ ಅದನ್ನೇ ಬಳಸುತ್ತೇವೆ.

ಈ ಹವ್ಯಾಸವು ಒಳ್ಳೆಯದು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದನ್ನು ಆರಂಭಿಸುವ ಕ್ರಮವು ಮಾತ್ರ ತೀರ ಕೆಟ್ಟದ್ದಾಗಿದೆ. ಬೆಳಿಗ್ಗೆ ತೊಟ್ಟಿಯನ್ನು ತಂದು, ಮಧ್ಯಾಹ್ನ ನಳದ ನೀರು ತುಂಬಿ, ಸಂಜೆಗೆ ಮೀನನ್ನು ಬಿಡುವವರೇ ಹೆಚ್ಚು. ಇದು ಹವ್ಯಾಸವಲ್ಲ, ಮೂಕಪ್ರಾಣಿಗಳಿಗೆ ಮಾಡುವ ಅನ್ಯಾಯ ಎಂದು ನಾವು ಹೇಳಬಯಸುತ್ತೇವೆ. ಹೀಗೆ ಹೇಳುವ ಅಧಿಕಾರ ನಮಗೆ ಬಂದುದು ಪುಸ್ತಕದಿಂದಲ್ಲ. ನಾವೇ ಆ ಅನ್ಯಾಯವನ್ನು ಮಾಡಿದುದರಿಂದ.

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಗಚ್ಚಿಯ ಮೇಲೆ ನಡೆದುದನ್ನು ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ಸ್ನೇಹ ಸಮ್ಮೇಳನಕ್ಕೆ ಇನ್ನು ಹತ್ತೇ ದಿನಗಳಿದ್ದುವು. ವಿಜ್ಞಾನ ಪ್ರದರ್ಶನದಲ್ಲಿ ಹೊಸತೇನನ್ನಾದರೂ ಇಡಬೇಕೆಂಬ ಉತ್ಸಾಹವು ನಮ್ಮನ್ನು ಹಿಡಿಯಿತು. ೩೦೦ ಲೀಟರಿನ ದುಂಡು ತೊಟ್ಟಿಯೊಂದನ್ನು ತಂದೆವು. ಅದರ ಅಂಚಿಗೆ ಬಣ್ಣದ ಕಲ್ಲು ಜೋಡಿಸಿ, ನಡುವೆ ಒಂದು ಕಾರಂಜಿಯನ್ನಿಟ್ಟು, ಪ್ಲಾಸ್ಟಿಕ್ಕಿನ ತಾವರೆಯನ್ನೂ ತೇಲಿಸಿದೆವು. ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಜಲ್ಲಿ ತುಂಬಿ ಮೇಲಿಟ್ಟೆವು. ಪಾಲಕದ ಎಳೆಯ ಸಸಿಗಳನ್ನು ಊರಿದೆವು. ಮೂರನೆಯ ದಿನವೇ ಹನ್ನೆರಡು ಹೊಂಬಣ್ಣದ ಮೀನುಗಳನ್ನು ಬಿಟ್ಟೆವು. ಅಷ್ಟರಲ್ಲಿ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಮೀನಿನ ಕಸವನ್ನು ಗಿಡ ತಿನ್ನುತ್ತದೆ ಅಂದಿರಿ. ಗಿಡ ಇನ್ನೂ ಬೇರನ್ನೇ ಬಿಟ್ಟಿಲ್ಲವಲ್ಲ! ಅಲ್ಲಿಯ ತನಕ ಕಸ ಎಲ್ಲಿಗೆ ಹೋಗುತ್ತದೆ?”

“ಮೊದಲು ಸಮ್ಮೇಳನ ಮುಗಿಯಲಿ, ಆಮೇಲೆ ನೋಡೋಣ” ಎಂದು ನಾವು ಉತ್ತರವಿತ್ತೆವು.

ಸಮ್ಮೇಳನವು ಸಾಂಗವಾಗಿ ಮುಗಿಯಿತು. ಅತಿಥಿಗಳು ಮೆಚ್ಚಿದರು, ಪಾಲಕರು ಚಿತ್ರ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದುವು. ಹಸಿದಿವೆಯೆಂದು ತಿಳಿದು ಮಕ್ಕಳು ಇನ್ನಷ್ಟು ಕಾಳು ಹಾಕಿದರು. ಅದರ ಮರುದಿನ ಎರಡು ತೇಲಿದುವು. ಆ ವಾರ ಮುಗಿಯುವುದರೊಳಗೆ ಏಳು ಸತ್ತಿದ್ದುವು. ಉಳಿದ ಐದನ್ನು ಒಬ್ಬ ಪಾಲಕರು ತಮ್ಮ ಮನೆಯ ಹಳೆಯ ತೊಟ್ಟಿಗೆ ಒಯ್ದು ಉಳಿಸಿದರು. ಐದನೆಯ ಇಯತ್ತೆಯ ಚಿಕ್ಕವರು ಸತ್ತ ಮೀನುಗಳನ್ನು ನೋಟುಪುಸ್ತಕದ ಹಾಳೆಯಲ್ಲಿ ಸುತ್ತಿ ಅಂಗಳದ ಮರದ ಬುಡದಲ್ಲಿ ಹೂಳಿದುದನ್ನು ನಾವು ಕಿಟಕಿಯಿಂದ ನೋಡಿದೆವು. ಕೆಳಗಿಳಿದು ಹೋಗುವ ಧೈರ್ಯ ಬರಲಿಲ್ಲ.

ಆ ಹುಡುಗಿಯ ಪ್ರಶ್ನೆಯಲ್ಲಿಯೇ ಈ ಶಾಸ್ತ್ರದ ಸಾರವೆಲ್ಲ ಇತ್ತು. ಗಿಡವು ಮೀನಿನ ಕಸವನ್ನು ತಿನ್ನುವುದೆಂಬ ಮಾತೇ ಅರ್ಧ ಸತ್ಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಕಾಳು ಕೊಳೆತಾಗಲೂ ಅದೇ ಅಮೋನಿಯ. ಅದು ಮೀನಿಗೆ ವಿಷ. ನೀರಿನ ಕ್ಷಾರಗುಣವನ್ನು ಅಳೆಯುವ ಪಿ.ಎಚ್. ಎಂಬ ಮಾನದಲ್ಲಿ ಏಳರಿಂದ ಎಂಟಕ್ಕೆ ಏರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಹತ್ತು ಮಡಿಯಾಗುತ್ತದೆ. ನೀರು ಬೆಚ್ಚಗಾದಷ್ಟೂ ಅದು ಇನ್ನೂ ಹೆಚ್ಚುತ್ತದೆ. ಮುಂಬಯಿಯ ಗಚ್ಚಿಯ ಮೇಲಿನ ನೀರು ಬೆಚ್ಚಗಿರುವುದನ್ನು ಬೇರೆ ಹೇಳಬೇಕಾಗಿಲ್ಲ. ಈ ಅಮೋನಿಯವನ್ನು ಪಳಗಿಸುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ಒಂದು ಬಗೆಯವು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ, ಮೀನಿನ ನೆತ್ತರನ್ನು ಕಂದಾಗಿಸಿ, ಉಸಿರಿನ ವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟಾಗಿಸುತ್ತವೆ. ನೈಟ್ರೇಟು ಮೀನಿಗೆ ಬಹುಮಟ್ಟಿಗೆ ನಿರಪಾಯ, ಗಿಡಕ್ಕೆ ಮೃಷ್ಟಾನ್ನ. ಈ ಜೀವಿಗಳನ್ನು ಬೇರ್ಪಡಿಸಿ ಅವುಗಳ ಕೆಲಸವನ್ನು ತೋರಿಸಿಕೊಟ್ಟವನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, ೧೮೯೦ರ ಸುಮಾರಿಗೆ.

ಇವು ಅಂಗಡಿಯಿಂದ ಬಂದ ಹೊಸ ಜಲ್ಲಿಯಲ್ಲಿ ಇರುವುದಿಲ್ಲ. ಗಾಳಿ ನೀರುಗಳಿಂದ ಒಂದೆರಡು ಬಂದು ಸೇರಿ, ಕಲ್ಲಿನ ಮೈಗೆ ಅಂಟಿಕೊಂಡು, ಮೆಲ್ಲನೆ ವಂಶ ಬೆಳೆಸಬೇಕು. ಇದಕ್ಕೆ ಬೆಚ್ಚಗಿನ ನೀರಿನಲ್ಲಿಯೂ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ತೊಟ್ಟಿಯಲ್ಲಿ ಮೀನಿದ್ದರೆ ಅದು ತನ್ನ ವಿಷದಲ್ಲಿಯೇ ತಾನು ಈಜಬೇಕು. ನಮ್ಮ ಏಳು ಮೀನುಗಳಿಗೆ ಆದುದು ಇಷ್ಟೇ. ಅಂಗಡಿಯವರು ರೋಗದ ಮೀನು ಕೊಟ್ಟರೆಂದು ಅಂದು ನಾವು ಗೊಣಗಿದುದುಂಟು. ತಪ್ಪು ಅವರದಾಗಿರಲಿಲ್ಲ.

ಇಲ್ಲಿ ಒಂದು ಹಳೆಯ ಬೇಸಾಯವನ್ನು ನೆನೆಯಬೇಕು. ನಿಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಕರಾವಳಿಯಿಂದ ಬಂದವರು. ಕುಮಟೆಯ ಬಳಿ ಅಘನಾಶಿನಿ ನದಿಯು ಕಡಲನ್ನು ಸೇರುವ ಎಡೆಯಲ್ಲಿ ಗಜನಿ ಎಂಬ ಗದ್ದೆಗಳಿವೆ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಅಲ್ಲಿ ಕಗ್ಗವೆಂಬ, ಉಪ್ಪನ್ನು ತಾಳುವ ಭತ್ತವನ್ನು ಬೆಳೆಯುವ ರೂಢಿ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲನ್ನೆತ್ತಿ ಉಬ್ಬರದ ನೀರನ್ನು ಒಳಬಿಟ್ಟರೆ ಅದರೊಡನೆ ಸೀಗಡಿ, ಮೀನುಗಳೂ ಬರುತ್ತವೆ. ಭತ್ತದ ಕೂಳೆ ಕೊಳೆತು ಅವುಗಳಿಗೆ ಮೇವಾಗುತ್ತದೆ. ಅವುಗಳ ಕಸ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಹೊರಗಿನ ಗೊಬ್ಬರವನ್ನು ಅಲ್ಲಿ ಯಾರೂ ಸುರಿಯುವುದಿಲ್ಲ. ಈಗ ಈ ಬೇಸಾಯ ಬಹಳ ಕುಗ್ಗಿದೆ, ಅದು ಬೇರೆ ದುಃಖ. ಅರುಣಾಚಲದ ಜೀರೋ ಕಣಿವೆಯ ಅಪತಾನಿ ಜನರೂ ಗದ್ದೆಯ ನೀರಿನಲ್ಲಿ ಭತ್ತದ ಜೊತೆಗೇ ಮೀನು ಸಾಕುತ್ತಾರೆ. ಆದ್ದರಿಂದ ಮೀನು ಮತ್ತು ಬೆಳೆಗಳ ನಂಟು ಹೊಸ ಕಂಡುಹಿಡಿತವೇನೂ ಅಲ್ಲ. ಹೊಸತಾದುದು ಅದನ್ನು ತೊಟ್ಟಿಯಲ್ಲಿ ಮುಚ್ಚಿದ ಚಕ್ರವಾಗಿ ಮಾಡಿದುದು. ೧೯೮೦ರ ದಶಕದಲ್ಲಿ ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಾಕೊಸಿ ಮತ್ತು ಅವರ ಸಂಗಡಿಗರು, ಸಿಹಿನೀರು ದುರ್ಲಭವಾದ ಆ ನಾಡಿನಲ್ಲಿ, ಒಂದೇ ನೀರನ್ನು ಮತ್ತೆ ಮತ್ತೆ ಬಳಸುವ ಈ ಪದ್ಧತಿಯನ್ನು ಬಹಳ ಮುಂದಕ್ಕೆ ಒಯ್ದರು.

ಗಜನಿಯಲ್ಲಿ ಪಂಪಿನ ಕೆಲಸವನ್ನು ಕಡಲಿನ ಉಬ್ಬರವಿಳಿತಗಳು ಮಾಡುತ್ತವೆ. ಬ್ಯಾಕ್ಟೀರಿಯಗಳಿಗೆ ಅಳತೆಯಿಲ್ಲದಷ್ಟು ಕೆಸರಿನ ಮನೆಯಿದೆ. ನಮ್ಮ ಗಚ್ಚಿಯ ಮೇಲೆ ಇರುವುದು ೨೦ ವಾಟಿನ ಒಂದು ಪಂಪು, ಅರ್ಧ ಡ್ರಮ್ಮು ಜಲ್ಲಿ. ನದಿಯು ಮಾಡುವ ಕೆಲಸವನ್ನು ಇಲ್ಲಿ ನಾವು ಮಾಡಬೇಕಾಗುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿದ ನೆನಪು ಎಷ್ಟೋ ಮಕ್ಕಳಿಗಿದೆ. ಅದೇ ಧಾರಾಳದಿಂದ ಮನೆಯ ತೊಟ್ಟಿಗೂ ಎರಚುತ್ತಾರೆ. ಅಲ್ಲಿ ಹೆಚ್ಚಾದುದನ್ನು ನದಿ ಒಯ್ಯುತ್ತದೆ. ತೊಟ್ಟಿಯಲ್ಲಿ ಹಾಕಿದ್ದೆಲ್ಲ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಎರಡು ಮೂರು ನಿಮಿಷಗಳಲ್ಲಿ ಮೀನು ತಿಂದು ಮುಗಿಸುವಷ್ಟು ಹಾಕಿದರೆ ಸಾಕು.

ಇನ್ನು ತರಕಾರಿಯ ವಿಷಯ. ಇದರಲ್ಲಿ ಬಹಳ ಉತ್ಪ್ರೇಕ್ಷೆ ನಡೆದಿದೆ ಎಂದು ನಮ್ಮ ಅಭಿಪ್ರಾಯ. ಅಲಂಕಾರದ ಕೊಳವೊಂದರಿಂದ ಮನೆಯ ಸೊಪ್ಪಿನ ಖರ್ಚೆಲ್ಲ ಉಳಿಯುವುದೆಂದು ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಲೆಕ್ಕ ಹಾಕಿ ನೋಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೪ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ ೪೦ರಿಂದ ೫೦ ಗ್ರಾಂ ಮೀನಿನ ಆಹಾರವು ತೊಟ್ಟಿಗೆ ಬೀಳಬೇಕು. ಟೊಮೆಟೊ, ಬದನೆಯಂಥ ಕಾಯಿಗಿಡಗಳಿಗೆ ೫೦ರಿಂದ ೮೦ ಗ್ರಾಂ. ನಮ್ಮ ಹನ್ನೆರಡು ಮೀನುಗಳು ತಲಾ ಹನ್ನೆರಡು ಗ್ರಾಂ ತೂಗುತ್ತಿದ್ದುವೆನ್ನಿ. ಒಟ್ಟು ೧೪೪ ಗ್ರಾಂ. ಮೀನು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡರಷ್ಟು ತಿಂದರೆ ಸುಮಾರು ಮೂರು ಗ್ರಾಂ ಆಯಿತು. ಮೂರು ಗ್ರಾಮಿನಿಂದ ಬೆಳೆಯುವ ಸೊಪ್ಪಿನ ಪಾತಿ ಎಷ್ಟಗಲ? ನಾವು ಉಣ್ಣುವ ತಟ್ಟೆಯಷ್ಟು! ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿದ ದಿನ ತರಗತಿಯಲ್ಲಿ ಒಂದು ಕ್ಷಣ ಮೌನವಾಯಿತು, ಅನಂತರ ನಗೆಯೆದ್ದಿತು.

ಸೊಪ್ಪು ಹೆಚ್ಚಲೆಂದು ಮೀನುಗಳನ್ನು ಹೆಚ್ಚಿಸುವುದು ಮುಂದಿನ ತಪ್ಪು. ಇದೇ ಆಸೆಯಿಂದ ಕೆಲವರು ಕೊಯ್ ಎಂಬ ಜಪಾನೀ ಬಣ್ಣದ ಮೀನಿನ ಮರಿಗಳನ್ನು ತರುತ್ತಾರೆ. ಬೆರಳುದ್ದದ ಆ ಮರಿ ಬೆಳೆದರೆ ಎರಡಡಿ ಆಗುತ್ತದೆ. ಅದಕ್ಕೆ ಸಾವಿರಾರು ಲೀಟರಿನ ಕೊಳ ಬೇಕು. ನಮ್ಮಂಥವರ ತೊಟ್ಟಿಗಳಿಗೆ ಐದಾರು ಹೊಂಬಣ್ಣದ ಮೀನು, ಇಲ್ಲವೆ ಒಂದು ಹಿಂಡು ಗಪ್ಪಿ ಸಾಕು. ಗಪ್ಪಿಯು ಸೊಳ್ಳೆಯ ಮರಿಗಳನ್ನು ತಿನ್ನುವುದು ಇನ್ನೊಂದು ಲಾಭ. ಡೆಂಗ್ಯೂ ಹರಡುವ ಸೊಳ್ಳೆಯು ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುವುದರಿಂದ, ಮೀನಿಲ್ಲದೆ ನಿಂತ ಕೊಳವು ನೆರೆಹೊರೆಗೆಲ್ಲ ಅಪಾಯಕಾರಿ. ಜಲ್ಲಿಯ ಮೇಲಿನ ಎರಡಂಗುಲ ಒಣಗಿರುವಂತೆ ನೀರಿನ ಮಟ್ಟವನ್ನು ಇರಿಸಬೇಕು. ಸಾಕಲಾರದ ಮೀನನ್ನು ‘ಪುಣ್ಯ ಬರಲಿ’ ಎಂದು ಕೆರೆಗೆ ಬಿಡುವವರುಂಟು. ಪರದೇಶದ ಮೀನುಗಳು ಹೀಗೆಯೇ ನಮ್ಮ ಕೆರೆಗಳಲ್ಲಿ ಸೇರಿಕೊಂಡು ಊರ ಮೀನುಗಳ ಅನ್ನವನ್ನು ಕಸಿದುಕೊಂಡಿವೆ. ಅದನ್ನು ಎಂದಿಗೂ ಮಾಡತಕ್ಕದ್ದಲ್ಲ.

ತೂಕದ ವಿಷಯದಲ್ಲಿ ನಮ್ಮ ಮಾತು ಸ್ವಲ್ಪ ಕಟುವಾಗಿಯೇ ಇರಲಿ. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮ ತೊಟ್ಟಿಯ ನೀರೇ ೩೦೦ ಕಿಲೋ. ನೂರು ಲೀಟರಿನ ಜಲ್ಲಿ ಸುಮಾರು ೧೫೦ ಕಿಲೋ. ಹಳೆಯ ಚಾಳಿನ ಹೊರಚಾಚಿದ ಗ್ಯಾಲರಿಯ ಮೇಲೆ ಇದನ್ನು ಇಡುವುದೆಂದರೆ ಏಳೆಂಟು ಮಂದಿ ದೊಡ್ಡವರನ್ನು ಹಗಲಿರುಳು ಒಂದೇ ಮೂಲೆಯಲ್ಲಿ ನಿಲ್ಲಿಸಿದಂತೆ. ಚಾಳಿನಲ್ಲಿರುವ ನಮ್ಮ ವಿದ್ಯಾರ್ಥಿಗಳು ದಯವಿಟ್ಟು ಈ ಸಾಹಸಕ್ಕೆ ಕೈಹಾಕಬಾರದು. ನಾಲ್ವತ್ತು ಲೀಟರಿನ ಗಾಜಿನ ತೊಟ್ಟಿ, ನಾಲ್ಕು ಗಪ್ಪಿ, ಮೇಲೊಂದು ಬುಟ್ಟಿಯಷ್ಟು ಜಲ್ಲಿಯಲ್ಲಿ ಪುದೀನ ಇದ್ದರೂ ಶಾಸ್ತ್ರವೆಲ್ಲ ಅದೇ. ಗಚ್ಚಿಯ ಮೇಲಾದರೂ ಸೊಸಾಯಿಟಿಯವರ ಒಪ್ಪಿಗೆ ಪಡೆದು, ತಿಳಿದವರನ್ನು ಕೇಳಿ, ತೊಲೆಯ ಮೇಲೆ ಬರುವಂತೆ ಇಡಬೇಕು.

ಕೆಲವು ಪಾಲಕರು ನಮ್ಮನ್ನು ಪ್ರತ್ಯೇಕವಾಗಿ ಕೇಳಿದರು: ಶಾಕಾಹಾರಿಗಳ ಮನೆಯಲ್ಲಿ ಮೀನಿನ ನೀರಿನ ಸೊಪ್ಪನ್ನು ತಿನ್ನಬಹುದೇ? ಅಲಂಕಾರದ ಮೀನನ್ನು ಯಾರೂ ಕೊಲ್ಲುವುದಿಲ್ಲ; ಸಗಣಿ ಗೊಬ್ಬರದ ಸೊಪ್ಪನ್ನು ತಿನ್ನುವ ನಮಗೆ ಇದರಲ್ಲಿ ಶಂಕೆ ಬೇಕಾಗಿಲ್ಲವೆಂದು ನಮ್ಮ ಭಾವನೆ. ಒಪ್ಪದವರು ಹೂವಿನ ಗಿಡಗಳನ್ನು ಬೆಳೆಯಲಿ. ಇನ್ನೊಬ್ಬರು, “ಕುಂಡದಲ್ಲಿ ಮಣ್ಣು ಹಾಕಿ ಬೆಳೆದರೆ ಇಷ್ಟೆಲ್ಲ ರಗಳೆ ಏಕೆ?” ಎಂದರು. ಸೊಪ್ಪೇ ಗುರಿಯಾದರೆ ಅವರ ಮಾತೇ ಸರಿ. ನಾವು ಅವರೊಡನೆ ವಾದಿಸಲಿಲ್ಲ. ಆದರೆ ಮಣ್ಣಿನ ಕುಂಡದಲ್ಲಿ ಬ್ಯಾಕ್ಟೀರಿಯಗಳ ಕೆಲಸವು ಕಾಣದೆ ನಡೆದುಹೋಗುತ್ತದೆ. ಇಲ್ಲಿ ಅದನ್ನು ದಿನದಿನವೂ ಅಳೆದು ಬರೆದಿಡಬಹುದು. ಶಾಲೆಗೆ ಬೇಕಾದುದು ಅದು.

ಕಳೆದ ವರ್ಷ ಜೂನ್ ತಿಂಗಳಲ್ಲಿ ನಾವು ಮತ್ತೆ ಆರಂಭಿಸಿದೆವು. ಈ ಸಲ ಪ್ಲಾಸ್ಟಿಕ್ಕಿನ ತಾವರೆ ಇರಲಿಲ್ಲ, ಮೀನೂ ಇರಲಿಲ್ಲ. ಜಲ್ಲಿಯ ಮೇಲೆ ವಿನಿಗರ್ ಹನಿಸಿ ನೊರೆ ಬಾರದುದನ್ನು ನೋಡಿಕೊಂಡೆವು. ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲು ಇದೆಯೆಂದರ್ಥ. ಈ ಕಡೆಯ ಕರಿಕಲ್ಲಿನ ಖಡಿಗೆ ಆ ದೋಷವಿಲ್ಲ. ನಳದ ನೀರಿನ ಕ್ಲೋರಿನ್ ಹೋಗಲೆಂದು ಅದನ್ನು ಎರಡು ದಿನ ತೆರೆದಿಟ್ಟೆವು. ಪಂಪು ಗಂಟೆಗೊಮ್ಮೆ ತೊಟ್ಟಿಯ ನೀರನ್ನೆಲ್ಲ ಜಲ್ಲಿಗೆ ಹಾಯಿಸುವಂತೆ ಗೊತ್ತುಮಾಡಿದೆವು. ಪ್ರಯೋಗಶಾಲೆಯ ಶುದ್ಧ ನವಸಾಗರ, ಎಂದರೆ ಅಮೋನಿಯಂ ಕ್ಲೋರೈಡು, ಎರಡು ಗ್ರಾಂ ಕರಗಿಸಿ ಸುರಿದೆವು. ಮುನ್ನೂರು ಲೀಟರಿಗೆ ಅಷ್ಟು ಹಾಕಿದರೆ ಹತ್ತು ಲಕ್ಷದಲ್ಲಿ ಎರಡು ಪಾಲು ಅಮೋನಿಯ ಆಗುತ್ತದೆ. ಮೀನಿಲ್ಲದೆಯೇ ಬ್ಯಾಕ್ಟೀರಿಯಗಳಿಗೆ ಊಟವಿಕ್ಕುವ ಉಪಾಯವಿದು. ಹಿಂದೆ ಮೀನುಗಳನ್ನು ಉಳಿಸಿದ ಪಾಲಕರೇ ತಮ್ಮ ತೊಟ್ಟಿಯ ಒಂದು ಹಿಡಿ ಹಳೆಯ ಜಲ್ಲಿಯನ್ನು ಹೆಪ್ಪಿನಂತೆ ಕೊಟ್ಟರು.

ಅಳೆಯುವ ಕೆಲಸವನ್ನು ಪ್ರಶ್ನೆ ಕೇಳಿದ ಆ ಹುಡುಗಿಗೇ ಒಪ್ಪಿಸಿದೆವು. ಅವಳ ವಹಿಯಲ್ಲಿ ಮೊದಲ ಎಂಟು ದಿನ ಒಂದೇ ವಾಕ್ಯ: “ಅಮೋನಿಯ ಹಾಗೆಯೇ ಇದೆ.” ಒಂಬತ್ತನೆಯ ದಿನ ಅದು ಇಳಿದು ನೈಟ್ರೈಟು ಕಾಣಿಸಿತು. ಆಮೇಲೆ ನೈಟ್ರೈಟು ಏರುತ್ತಲೇ ಹೋಯಿತು. ಚಿಕ್ಕವರು ದಿನವೂ ಬಂದು “ಮೀನು ಎಂದು ಬರುತ್ತದೆ?” ಎಂದು ಕೇಳುವರು, ಅವಳು ವಹಿಯನ್ನು ತೋರಿಸಿ ಕಳುಹಿಸುವಳು. ನಡುವೆ ಪಿ.ಎಚ್. ಆರೂವರೆಗಿಂತ ಕೆಳಗಿಳಿಯಿತು. ಈ ಮಾರ್ಪಾಟು ನಡೆದಂತೆಲ್ಲ ನೀರು ಹುಳಿಯಾಗುತ್ತ ಹೋಗುವುದು ಸಹಜ. ಒಂದು ಬಟ್ಟೆಯ ಚೀಲದಲ್ಲಿ ಕಪ್ಪೆಚಿಪ್ಪುಗಳನ್ನು ಕಟ್ಟಿ ಇಳಿಬಿಟ್ಟ ಮೇಲೆ ಸರಿಹೋಯಿತು. ಮೂವತ್ತನಾಲ್ಕನೆಯ ದಿನ, ಹಿಂದಿನ ದಿನ ಹಾಕಿದ ಎರಡು ಗ್ರಾಂ ನವಸಾಗರವು ಒಂದೇ ದಿನದಲ್ಲಿ ಮಾಯವಾಗಿ, ಅಮೋನಿಯ, ನೈಟ್ರೈಟು ಎರಡೂ ಸೊನ್ನೆಯಾಗಿದ್ದುವು. ಅಂದು ಐದು ಮೀನುಗಳನ್ನು ತಂದೆವು. ತಂದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ ಬಿಸುಪು ಒಂದಾದ ಮೇಲೆ ಬಿಟ್ಟೆವು.

ಐದೂ ಇಂದಿಗೂ ಇವೆ. ಪಾಲಕದ ಎಲೆ ಒಂದೆರಡು ಸಲ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದುವು. ಮೀನಿನ ಆಹಾರದಲ್ಲಿ ಕಬ್ಬಿಣದ ಅಂಶ ಕಡಿಮೆಯಾದುದರ ಫಲ. ಬಸಳೆ ಮಾತ್ರ ಯಾವ ಕೊರತೆಯನ್ನೂ ಲೆಕ್ಕಿಸದೆ ಗಚ್ಚಿಯ ಕಂಬಿಗಳನ್ನು ಹಿಡಿದು ಹಬ್ಬಿದೆ. ಮೂಲೆಯಲ್ಲಿ ನೆಟ್ಟ ಕೆಸುವಿನಿಂದ ಸಿಕ್ಕ ಎಲೆಗಳಿಂದ ಒಬ್ಬ ತಾಯಿ ಪತ್ರೊಡೆ ಮಾಡಿ ಕಳುಹಿಸಿದರು. ಇಡೀ ತರಗತಿಗೆ ತಲಾ ಒಂದು ಚೂರು ಬಂದಿತು. ಸೊಪ್ಪಿಗೆ ಹುಳು ಬಿದ್ದರೆ ಕೈಯಿಂದಲೇ ಆರಿಸುತ್ತೇವೆ, ಏಕೆಂದರೆ ಗಿಡಕ್ಕೆ ಹಾಕಿದ ಔಷಧಿ ಮೀನಿಗೆ ಹೋಗುತ್ತದೆ. ಪಾರಿವಾಳಗಳ ಕಾಟಕ್ಕೆ ಬಲೆ ಕಟ್ಟಿದ್ದೇವೆ. ಅವುಗಳ ಹಿಕ್ಕೆಯಿಂದ ಬರುವ ರೋಗದ ಭಯ ಮೀನಿನಿಂದ ಬರುವುದಕ್ಕಿಂತ ಹೆಚ್ಚು.

ವಿದ್ಯುತ್ತು ಹೋದರೆ ಏನು ಮಾಡುವುದೆಂಬ ಚಿಂತೆ ಇನ್ನೂ ಪೂರ್ತಿ ತೀರಿಲ್ಲ. ೨೦ ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಒಂಬತ್ತು ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು; ೩೦ ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮೇ ತಿಂಗಳಲ್ಲಿ ಪಂಪು ನಿಂತರೆ ಮೀನಿಗೆ ಬಹಳ ಹೊತ್ತು ಉಳಿಯುವುದಿಲ್ಲ. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಗಾಳಿಯಂತ್ರವನ್ನು ತಂದಿಟ್ಟಿದ್ದೇವೆ. ದೀಪಾವಳಿಯ ರಜೆಯಲ್ಲಿ ಶಾಲೆಯ ವಾಚ್‌ಮನ್ ಅವರು ದಿನಕ್ಕೆರಡು ಸಲ ಗಚ್ಚಿ ಹತ್ತಿ ಪಂಪನ್ನು ನೋಡಿ ಬರಲು ಒಪ್ಪಿದ್ದಾರೆ. ಕಾಳಿನ ಡಬ್ಬಿಯನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕುವುದೆಂದು ಗೊತ್ತುಮಾಡಿದ್ದೇವೆ. ವಾರವೊಂದರ ಉಪವಾಸದಿಂದ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ. ಆ ಹುಡುಗಿ ಈಗ ಹತ್ತನೆಯ ಇಯತ್ತೆ, ಮಾರ್ಚಿಯಲ್ಲಿ ಪರೀಕ್ಷೆ. ವಹಿಯನ್ನು ಅವಳ ಕೈಯಿಂದ ತೆಗೆದುಕೊಳ್ಳುವವರು ಕೆಳಗಿನ ತರಗತಿಗಳಲ್ಲಿ ಯಾರಾದರೂ ಇದ್ದರೆ ಶನಿವಾರ ಶಾಲೆ ಬಿಟ್ಟ ಮೇಲೆ ಗಚ್ಚಿಗೆ ಬಂದು ನಮ್ಮನ್ನು ಕಾಣಬೇಕು.